ಶ್ರಾವಣದ ಸೋಮವಾರಗಳಿಗೆ ಕೆಲವು ಹಾಡುಗಳು

ಬೈಲಹೊಂಗಲದ ಕಡೆಯ ತಾಯಿಯೊಬ್ಬರು ಬರೆದ ಪತ್ರವು ಕಳೆದ ತಿಂಗಳು ನಮ್ಮ ಕೈ ಸೇರಿತು. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪೂಜೆಯ ಕ್ರಮವನ್ನೋ, ಹಬ್ಬದ ತಿಥಿಯನ್ನೋ, ವಚನದ ಯಾವುದೋ ಕಠಿಣ ಪದದ ಅರ್ಥವನ್ನೋ ಕೇಳಿ ಬರುವಂಥವು. ಈ ತಾಯಿಯವರ ಪ್ರಶ್ನೆ ಬೇರೆ ಬಗೆಯದು. ಮನೆಯಲ್ಲಿರುವವರು ಮೂರೇ ಜನ. ಯಜಮಾನರು ದೂರದರ್ಶನದ ಸುದ್ದಿ ಕೇಳುತ್ತಾರೆ. ಮಗನು ಎರಡನೆಯ ಪಿಯುಸಿ ಓದುತ್ತಿದ್ದು, ಊಟಕ್ಕೆ ಕುಳಿತಾಗಲೂ ಕಿವಿಯೊಳಗಿನ ಇಯರ್‌ಫೋನು ತೆಗೆಯುವುದಿಲ್ಲ. ತಾವು ಒಲೆಯ ಮುಂದೆ ನಿಂತು ತಮ್ಮ ತಾಯಿ ಹಾಡುತ್ತಿದ್ದ ಪದಗಳನ್ನು ಗುನುಗುತ್ತಾರೆ. ಮಗನಲ್ಲಿ ಒಂದು ಗಿಟಾರು ಇದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಕ ಇಳಿದರೆ ಅದನ್ನು ಮುರಿದು ಒಲೆಗೆ ಹಾಕುವೆನೆಂದು ತಂದೆ ಹೇಳಿದ್ದಾರೆ. ಅಂದಿನಿಂದ ತಂದೆ-ಮಗನ ನಡುವೆ ಮಾತು ಕಡಿಮೆ. ‘ಸಿನೆಮಾ ಹಾಡನ್ನು ಬಿಟ್ಟು, ಈ ಹುಡುಗರು ಮೆಚ್ಚುವಂಥ, ಆದರೆ ನಾವೂ ಕುಳಿತು ಕೇಳಬಹುದಾದ ಹಾಡುಗಳು ಇವೆಯೇ? ಶ್ರಾವಣದ ಸೋಮವಾರಕ್ಕಾದರೂ ಮೂವರೂ ಒಂದೇ ಹಾಡು ಕೇಳಬೇಕೆಂಬ ಆಸೆ’ ಎಂದು ಅವರು ಬರೆದಿದ್ದಾರೆ.

ಇವೆ. ಬೇಕಾದಷ್ಟು ಇವೆ. ಆದರೆ ಅವುಗಳನ್ನು ಹೇಳುವ ಅಧಿಕಾರ ನಮಗಿದೆಯೇ ಎಂಬುದು ಬೇರೆ ಮಾತು. ಅದನ್ನು ಮುಂದೆ ಹೇಳುತ್ತೇವೆ.

ಇಂಥ ಹಾಡುಗಳಿಗೆ ಈಗಿನ ತರುಣರು ‘ಇಂಡಿ ಮ್ಯೂಸಿಕ್’ ಎನ್ನುತ್ತಾರೆ. ಈ ಶಬ್ದವನ್ನು ನಾವು ಮೊದಲ ಸಲ ಕೇಳಿದಾಗ ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಲಿಂಬೆಯ ಜೊತೆಗೆ ಸಂಗೀತವೂ ಬೆಳೆಯತೊಡಗಿತೇ ಎಂದು ಸಂತೋಷಪಟ್ಟಿದ್ದುಂಟು. ಕೇಳಿದವರು ನಕ್ಕರು. ಸ್ವತಂತ್ರ ಎಂಬರ್ಥದ ಇಂಗ್ಲಿಷ್ ಶಬ್ದದ ಮೊಟಕು ರೂಪವಂತೆ ಅದು. ಚಲನಚಿತ್ರದ ನಾಯಕನಿಗಾಗಿಯಲ್ಲದೆ, ದೊಡ್ಡ ಧ್ವನಿಮುದ್ರಣ ಸಂಸ್ಥೆಯ ಅಪ್ಪಣೆಗೆ ಕಾಯದೆ, ತಾವೇ ಹಾಡು ಕಟ್ಟಿ, ತಾವೇ ರಾಗ ಹಾಕಿ, ಕೈಯಿಂದಲೇ ಹಣ ಹಾಕಿ ಮುದ್ರಿಸಿ ಜನರ ಮುಂದಿಡುವವರ ಸಂಗೀತ ಎಂದು ಅರ್ಥ ಮಾಡಿಕೊಳ್ಳಬೇಕು.

ಹೆಸರು ಹೊಸದು, ಸಂಗತಿ ಹೊಸದಲ್ಲ. ತಾಳ-ಗಣಗಳ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಒಂದು ವಚನದಲ್ಲಿ ಹೇಳಿಕೊಂಡಿದ್ದಾರೆ. ಯಾವ ಆಸ್ಥಾನದ ಮನ್ನಣೆಗೂ ಕಾಯದ ಹಾಡುಗಾರಿಕೆ ಅದು. ನಮ್ಮ ಕಾಲಕ್ಕೆ ಬಂದರೆ, 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಾಗ ಅದಕ್ಕೆ ಯಾವ ಚಲನಚಿತ್ರದ ಆಶ್ರಯವೂ ಇರಲಿಲ್ಲ. ಮನೆಮನೆಯ ಟೇಪ್‌ರೆಕಾರ್ಡರು ಕವಿತೆಯನ್ನು ಹಾಡತೊಡಗಿತು. ಸಿ. ಅಶ್ವತ್ಥರು ಶಿಶುನಾಳ ಷರೀಫರ ತತ್ತ್ವಪದಗಳನ್ನು ಹಳ್ಳಿಯ ಭಜನೆಯ ಕಟ್ಟೆಯಿಂದ ನಗರದ ವೇದಿಕೆಗೆ ತಂದರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂತು. ಅದಕ್ಕೂ ಅಶ್ವತ್ಥರದೇ ಸಂಗೀತ. ಅಲ್ಲಿಂದ ಮುಂದೆ ಷರೀಫರ ಪದ ತಿಳಿಯದ ಕನ್ನಡಿಗನೇ ಉಳಿಯಲಿಲ್ಲವೆನ್ನಬೇಕು. ಇಂದಿನ ‘ಇಂಡಿ’ಯವರ ಹಿರಿಯರು ಇವರೇ.

ಈಗ ನಮ್ಮ ಅಧಿಕಾರದ ಮಾತು.

1994ನೆಯ ಇಸವಿ. ನಾವು ಒಂದು ಮಠದ ಪ್ರಸಾದನಿಲಯದಲ್ಲಿ ವಿದ್ಯಾರ್ಥಿಗಳಿಗೆ ಸಂಸ್ಕೃತ ಮತ್ತು ವಚನಶಾಸ್ತ್ರ ಹೇಳಿಕೊಡುತ್ತ, ಸಂಜೆಯ ಪ್ರಾರ್ಥನೆಯ ಉಸ್ತುವಾರಿಯನ್ನೂ ನೋಡುತ್ತಿದ್ದೆವು. ಶ್ರಾವಣವಾದ್ದರಿಂದ ಮಠದಲ್ಲಿ ಪುರಾಣ ಹಚ್ಚಿದ್ದರು. ಪುರಾಣಕ್ಕೆ ಮೊದಲು ಅರ್ಧ ತಾಸು ಹುಡುಗರ ಹಾಡು. ಮೂರನೆಯ ಸೋಮವಾರ, ಪಿಯುಸಿಯ ಹುಡುಗನೊಬ್ಬ ಹುಬ್ಬಳ್ಳಿಯಲ್ಲಿ ಯಾರಿಂದಲೋ ಹಳೆಯದನ್ನು ಕೊಂಡು ತಂದಿದ್ದ ಗಿಟಾರನ್ನು ಹಿಡಿದು ಬಂದು, ಷರೀಫರ ಪದವೊಂದನ್ನು ಹಾಡತೊಡಗಿದ. ಸಭೆಯಲ್ಲಿ ಕುಳಿತ ಹೆಣ್ಣುಮಕ್ಕಳು ತಲೆದೂಗಿದರು. ನಮಗೆ ಮಾತ್ರ ಕಂಡದ್ದು ಗಿಟಾರು. ಮೊದಲ ನುಡಿ ಮುಗಿಯುವಷ್ಟರಲ್ಲಿ ನಾವೆದ್ದು ಹೋಗಿ ಅವನ ಕೈಯಿಂದ ಅದನ್ನು ತೆಗೆದುಕೊಂಡು, ‘ಇದು ಮಠ, ಹೋಟೆಲಲ್ಲ’ ಎಂದು ಎಲ್ಲರೆದುರು ಹೇಳಿ, ವರ್ಷ ಮುಗಿಯುವವರೆಗೆ ಉಗ್ರಾಣದಲ್ಲಿಡಿಸಿದೆವು. ಹುಡುಗನು ಎದುರಾಡಲಿಲ್ಲ. ವರ್ಷ ಮುಗಿದಾಗ ಕೇಳಲೂ ಇಲ್ಲ. ಮುಂದೆಂದೋ ಉಗ್ರಾಣ ಸುಣ್ಣ ಹೊಡೆಸಲು ತೆರೆಸಿದಾಗ ಜೋಳದ ಚೀಲಗಳ ಹಿಂದೆ ಅದು ಸಿಕ್ಕಿತು; ಹಿಂಬದಿಯ ಹಲಗೆಯನ್ನು ಗೆದ್ದಲು ತಿಂದಿತ್ತು.

ಆ ಸಂಜೆ ನಾವು ಕೂತಿದ್ದು ಹಾರ್ಮೋನಿಯಮ್ಮಿನ ಪಕ್ಕದಲ್ಲಿ! ಇದನ್ನು ನೆನೆದಾಗ ನಾಚಿಕೆಯ ಜೊತೆಗೆ ನಗೆಯೂ ಬರುತ್ತದೆ. ನಮ್ಮ ಕಡೆಯ ಪೇಟಿ ಎಂಬ ಈ ವಾದ್ಯ ಎಲ್ಲಿಯದು? 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೇನ್ ಎಂಬಾತ ಅದರ ಹಕ್ಕನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡ. ಕಾಲಿನಿಂದ ಗಾಳಿ ಹಾಕಿ ನುಡಿಸುವ ಪೆಟ್ಟಿಗೆ ಅದು. ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವಂತೆ ನಮ್ಮ ದೇಶದ ಕುಶಲಕರ್ಮಿಗಳು ಆಮೇಲೆ ಅದನ್ನು ಬದಲಿಸಿಕೊಂಡರು. ನಮ್ಮ ಆಕಾಶವಾಣಿಯೇ 1940ರಿಂದ 1971ರವರೆಗೆ ಹಾರ್ಮೋನಿಯಮ್ಮಿಗೆ ನಿಷೇಧ ಹಾಕಿತ್ತು. ಗಮಕಕ್ಕೂ ಶ್ರುತಿಯ ಸೂಕ್ಷ್ಮಕ್ಕೂ ಅದು ಒಗ್ಗದ ಪರದೇಶಿ ಎಂಬುದು ಆರೋಪ. ಆ ಮೂವತ್ತು ವರ್ಷವೂ ನಮ್ಮ ಹಳ್ಳಿಗಳ ಭಜನಾ ಮೇಳದವರು ಆಕಾಶವಾಣಿಯ ಅಪ್ಪಣೆ ಕೇಳದೆ ಪೇಟಿ ಬಾರಿಸುತ್ತಲೇ ಇದ್ದರು. ದಕ್ಷಿಣಾದಿ ಸಂಗೀತದ ಪಿಟೀಲಿನ ಕಥೆಯೂ ಇದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ನರಿಂದ ಅದನ್ನು ಕಲಿತು ನಮ್ಮದನ್ನಾಗಿಸಿದರು. ಇಂದು ಪಿಟೀಲಿಲ್ಲದ ಕರ್ನಾಟಕ ಸಂಗೀತದ ಕಛೇರಿಯನ್ನು ಯಾರಾದರೂ ಊಹಿಸಬಲ್ಲರೇ? ವಾದ್ಯಕ್ಕೆ ಜಾತಿಯನ್ನು ಕಟ್ಟಿದವರು ನಾವು; ಅದೂ ಜಾತಿಯನ್ನು ಕಳೆಯಲು ಹುಟ್ಟಿದ ಮನೆಯಲ್ಲಿ ಕುಳಿತು.

ಕಳೆದ ಕಾರ್ತಿಕದಲ್ಲಿ ಆ ಹುಡುಗ ನಮ್ಮನ್ನು ಕಾಣಲು ಬಂದಿದ್ದ. ಹುಡುಗನೇನು, ಐವತ್ತರ ಹತ್ತಿರದ ಗೃಹಸ್ಥ, ಪುಣೆಯಲ್ಲಿ ನೌಕರಿ. ಜೊತೆಯಲ್ಲಿ ಒಂಬತ್ತನೆಯ ಇಯತ್ತೆ ಓದುವ ಮಗಳು. ನಮಸ್ಕರಿಸಿ ಕುಳಿತು ಮನೆ-ಮಠದ ಮಾತೆಲ್ಲ ಮುಗಿದ ಮೇಲೆ ನಾವೇ ಕೇಳಿದೆವು: ‘ಈಗ ಹಾಡುತ್ತೀಯೇನಪ್ಪ?’

‘ಇಲ್ರೀ ಗುರುಗಳ. ಹಾಡೂದು ಆವಾಗ ಬಿಟ್ಟೇರಿ. ಈಗ ಕೇಳ್ತೀನ್ರಿ ಅಷ್ಟ’ ಎಂದ. ಆ ಮಾತಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನಮಗೆ ಹಗುರವೆನಿಸುತ್ತಿತ್ತು.

ನಾವು ಗಿಟಾರಿನ ಸಂಗತಿ ಎತ್ತಿ, ತಪ್ಪಾಯಿತೆಂದೆವು. ಅವನು ‘ಅದೆಲ್ಲ ಯಾಕ್ರಿ ಈಗ’ ಎಂದು ಗಡಿಬಿಡಿಯಿಂದ ತನ್ನ ಫೋನನ್ನು ತೆಗೆದ. ‘ನೀವು ಕೇಳೀರೇನು ಇದನ್ನ?’ ಎನ್ನುತ್ತ ಒಂದೊಂದೇ ಹಾಡು ಕೇಳಿಸಿದ. ಸಂಜೆಯಾಯಿತು. ಈ ಕೆಳಗೆ ಹೇಳುವ ಹಾಡುಗಳಲ್ಲಿ ಅರ್ಧದಷ್ಟು ಅಂದು ಅವನಿಂದ ಬಂದವು. ಉಳಿದವು ಬಹುಕಾಲದಿಂದ ನಮ್ಮ ಮೆಚ್ಚಿನವು.

ಅವನು ಮೊದಲು ಕೇಳಿಸಿದ್ದು ಷರೀಫರ ಗುಡುಗುಡಿಯ ಪದ, ರಘು ದೀಕ್ಷಿತರ ಕಂಠದಲ್ಲಿ. ಗಿಟಾರಿನೊಡನೆ! ನಮ್ಮ ಮುಖ ನೋಡದೆ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ರಘು ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿ ವಿಜ್ಞಾನ ಓದಿದವರು, ಭರತನಾಟ್ಯ ಕಲಿತವರು. ಅವರ ಹಾಡುಗಳನ್ನು ಧ್ವನಿಮುದ್ರಣ ಸಂಸ್ಥೆಗಳು ವರ್ಷಗಟ್ಟಲೆ ಹಿಂದಿರುಗಿಸಿದವು. ಕಡೆಗೆ ಮುಂಬಯಿಯ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ 2008ರಲ್ಲಿ ಅವರ ಮೊದಲ ಸಂಪುಟವನ್ನು ಹೊರತಂದರು. 2010ರಲ್ಲಿ ಇಂಗ್ಲೆಂಡಿನ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡರ ಕಾರ್ಯಕ್ರಮಕ್ಕೂ, 2011ರಲ್ಲಿ ಗ್ಲಾಸ್ಟನ್‌ಬರಿಯ ಸಂಗೀತೋತ್ಸವಕ್ಕೂ ಅವರು ಹೋದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ. ಶಿಗ್ಗಾವಿ ಸೀಮೆಯ ಶಿಶುನಾಳದಲ್ಲಿ 1889ರಲ್ಲಿ ದೇಹವಿಟ್ಟ ಷರೀಫರ ನುಡಿಗೆ ಅಂಥ ದೂರದ ಬಯಲುಗಳಲ್ಲಿ ಕನ್ನಡ ಬಾರದವರೂ ಕುಣಿದರೆಂದರೆ, ಗೋವಿಂದ ಭಟ್ಟರಿಗೂ ಶಿಷ್ಯನ ಬಗ್ಗೆ ಸಂತೋಷವೇ ಆಗುತ್ತಿತ್ತು. ಹೊರಗೆ ಕೇಳಿದರೆ ಅದು ಹೊಗೆ ಸೇದುವ ಹಾಡು. ಒಳಗಿಳಿದರೆ ದೇಹ-ಮನಗಳನ್ನು ತೊಳೆಯುವ ಹಾಡು. ಹದಿನೇಳರ ಹುಡುಗನು ಹೊರಗಿನದನ್ನು ಮೊದಲು ಕೇಳಲಿ; ತಾಯಿಯವರು ಒಳಗಿನದನ್ನು ಆಮೇಲೆ ಹೇಳಲಿ. ವೇಗವು ನಮಗೆ ಕೊಂಚ ಹೆಚ್ಚೆನಿಸಿತು, ಸುಳ್ಳೇಕೆ ಹೇಳಬೇಕು. ಷರೀಫರ ಪದಗಳಲ್ಲಿ ಒಂದು ನುಡಿಗೂ ಇನ್ನೊಂದು ನುಡಿಗೂ ನಡುವೆ ಉಸಿರಾಡುವ ಜಾಗವಿದೆ. ಅದನ್ನು ಇಲ್ಲಿ ಡೋಲು ತುಂಬಿಬಿಡುತ್ತದೆ. ಹಾಗಿದ್ದರೂ ಮೊದಲ ಸೋಮವಾರಕ್ಕೆ ಇದೇ ಸರಿ. ತಾಯಿಗೆ ಪದ ಗೊತ್ತು, ಮಗನಿಗೆ ವಾದ್ಯ ಗೊತ್ತು.

ರಘು ಅವರ ತಮ್ಮ ವಾಸು ದೀಕ್ಷಿತರ ‘ಸ್ವರಾತ್ಮ’ ತಂಡದ್ದು ಇನ್ನೊಂದು ದಾರಿ. 2009ರ ಅವರ ಮೊದಲ ಸಂಪುಟದಲ್ಲಿ ಹಿಂದಿಯ ಹಾಡುಗಳ ನಡುವೆ ‘ಈ ಭೂಮಿ’ ಎಂಬ ಕನ್ನಡದ ಹಾಡು ಇದೆ; 2012ರ ‘ಟೋಪಿವಾಲೆ’ಯಲ್ಲಿ ರಾಜಕಾರಣಿಗಳಿಗೆ ಚುಚ್ಚುಮಾತಿದೆ. ಯಜಮಾನರಿಗೆ ಸುದ್ದಿಯಲ್ಲಿ ಆಸಕ್ತಿ ಎಂದು ಪತ್ರದಲ್ಲಿ ಓದಿದ್ದರಿಂದ ಈ ಎರಡನೆಯದನ್ನು ಅವರ ಪಾಲಿಗೆ ಸೂಚಿಸಿದ್ದೇವೆ. ವಾಸು ಅವರು ತಮ್ಮದೇ ಇನ್ನೊಂದು ಮೇಳ ಕಟ್ಟಿ ದಾಸರ ಹಾಗೂ ತತ್ತ್ವಪದಕಾರರ ಕನ್ನಡ ಪದಗಳನ್ನೂ ಹಾಡುತ್ತಾರೆ.

ಈಗ ಮನಸ್ಸಿಗೆ ಅತ್ಯಂತ ಹತ್ತಿರದ ಒಬ್ಬರ ಮಾತು. ನಮ್ಮ ಮನೆತನಗಳಲ್ಲಿ ಎಷ್ಟು ಜನಕ್ಕೆ ತಿಳಿದಿದೆಯೋ ಕಾಣೆವು: ಹಿಂದೂಸ್ತಾನಿ ಸಂಗೀತದ ಮಹಾ ಬಂಡಾಯಗಾರ ಕುಮಾರ ಗಂಧರ್ವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು, 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಬಾಲಕನ ಹಾಡು ಕೇಳಿ ‘ಕುಮಾರ ಗಂಧರ್ವ’ ಎಂಬ ಬಿರುದು ಕೊಟ್ಟವರೂ ಒಬ್ಬ ಮಠಾಧೀಶರೇ. ಮುಂಬಯಿಯಲ್ಲಿ ಬಿ.ಆರ್. ದೇವಧರರಲ್ಲಿ ಕಲಿತು ಹೆಸರು ಮಾಡುತ್ತಿದ್ದ ಹೊತ್ತಿಗೆ ಕ್ಷಯರೋಗ ಹಿಡಿಯಿತು. ಒಣ ಹವೆಗಾಗಿ 1948ರಲ್ಲಿ ಮಾಳವದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಲೇಬಾರದೆಂದು ವೈದ್ಯರ ಅಪ್ಪಣೆ. ವರ್ಷಗಟ್ಟಲೆ ಹಾಸಿಗೆಯ ಮೇಲೆ ಮಲಗಿ, ಬೀದಿಯಲ್ಲಿ ಹಾಡುತ್ತ ಹೋಗುವ ನಾಥಪಂಥದ ಜೋಗಿಗಳ ಪದ, ಹೆಂಗಸರ ಹಾಡು, ಇವುಗಳನ್ನೇ ಅವರು ಕೇಳಿದರು. ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿ ಬಂದು ಜೀವ ಉಳಿಯಿತು, ಒಂದು ಪುಪ್ಪುಸ ಮಾತ್ರ ಹೋಯಿತು. ಉಳಿದ ಒಂದರಲ್ಲಿಯೇ ಹಾಡಬೇಕಾಗಿ ಬಂದಾಗ ದೀರ್ಘ ಆಲಾಪನೆಯ ಬದಲು ಚುಟುಕಾದ, ಮಿಂಚಿನಂಥ ಸ್ವರಗುಚ್ಛಗಳ ಶೈಲಿಯೊಂದು ಮೂಡಿತು. ಹಾಸಿಗೆಯ ಮೇಲೆ ಕೇಳಿದ ನಾಥ ಪದಗಳೂ ಕಬೀರರ ನಿರ್ಗುಣ ಭಜನೆಗಳೂ ಕಛೇರಿಗೆ ಬಂದವು. ಘರಾಣೆಯ ಶಿಸ್ತು ಮುರಿದರೆಂದು ಹಿರಿಯರು ಗೊಣಗಿದರು. ಎದುರಾಡದ ಹುಡುಗನಿಂದ ನಾವು ಗಿಟಾರು ಕಸಿದುಕೊಂಡೆವು. ಕುಮಾರರ ಕೈಯಿಂದ ಏನನ್ನೂ ಕಸಿಯುವುದು ಯಾರಿಗೂ ಆಗಲಿಲ್ಲ. 1992ರ ಜನವರಿಯಲ್ಲಿ ಅವರು ತೀರಿಕೊಂಡರು.

ಅವರ ನಿರ್ಗುಣ ಭಜನೆಯೊಂದನ್ನು ಎರಡನೆಯ ಸೋಮವಾರ ದೀಪ ಹಚ್ಚಿದ ಮೇಲೆ, ಬೇರೆ ದೀಪಗಳನ್ನು ಆರಿಸಿ ಕೇಳಬೇಕು. ಅರ್ಥವಾಗದಿದ್ದರೆ ಚಿಂತೆಯಿಲ್ಲ. ಅಲ್ಲಿ ತಂಬೂರಿಯ ನಾದದೊಳಗೆ ಒಬ್ಬ ಮನುಷ್ಯನು ಒಂದೇ ಪುಪ್ಪುಸದಿಂದ ಆಕಾಶವನ್ನು ಕರೆಯುವುದು ಕೇಳಿಸುತ್ತದೆ.

ಕುಮಾರರು ತೆರೆದ ಆ ದಾರಿಯಲ್ಲಿ ಇಂದಿನವರೂ ನಡೆದಿದ್ದಾರೆ. ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ 2003ರಲ್ಲಿ ಶಬ್ನಮ್ ವಿರ್ಮಾನಿಯವರು ಕಬೀರ ಯೋಜನೆಯನ್ನು ಆರಂಭಿಸಿ, ಕಬೀರನನ್ನು ಹುಡುಕಿಕೊಂಡು ದೇಶ ಸುತ್ತಿ ನಾಲ್ಕು ಚಿತ್ರಗಳನ್ನು ಮಾಡಿದರು. ಅವುಗಳಲ್ಲೊಂದಾದ ‘ಕೋಯಿ ಸುನ್‌ತಾ ಹೈ’ ಕುಮಾರ ಗಂಧರ್ವರ ಜಾಡು ಹಿಡಿದು ಹೋದದ್ದು. ಚಿತ್ರ ತೆಗೆಯಲು ಹೋದ ಆಕೆಯೇ ಹಾಡುಗಾರ್ತಿಯಾಗಿ, ಮಾಳವದ ಐದು ತಂತಿಯ ತಂಬೂರಿಯನ್ನು ಕೈಗೆತ್ತಿಕೊಂಡರು. ಅವರಿಗೆ ದಾರಿ ತೋರಿದವರಲ್ಲಿ ಪ್ರಹ್ಲಾದ ಸಿಂಗ್ ಟಿಪಾಣಿಯಾ ಮುಖ್ಯರು. ಮಾಳವದ ಹಳ್ಳಿಯೊಂದರ ಶಾಲಾ ಮಾಸ್ತರರಾಗಿದ್ದು, 2011ರಲ್ಲಿ ಪದ್ಮಶ್ರೀ ಪಡೆದವರು. ಟಿಪಾಣಿಯಾ ಅವರ ಹಾಡನ್ನು ಕೇಳಿ ನಮ್ಮ ಅಡಿಗೆಯವರು ‘ಇದು ನಮ್ಮ ಊರಿನ ಏಕತಾರಿ ಪದವೇ’ ಎಂದರು. ಭಾಷೆ ಹಿಂದಿಯೆಂದು ಅವರಿಗೆ ಹೊಳೆದದ್ದು ಹಾಡು ಮುಗಿದ ಮೇಲೆ.

ಬಿಂದುಮಾಲಿನಿಯವರನ್ನು ಮರೆಯಲಾಗದು. ವೇದಾಂತ ಭಾರದ್ವಾಜರೊಡನೆ 2012ರಲ್ಲಿ ಅವರು ತಂದ ‘ಸುನೋ ಭಾಯಿ’ಯಲ್ಲಿ ಅನುಭಾವಿಗಳ ಪದಗಳಿವೆ, ಶಾಸ್ತ್ರೀಯವಾಗಿ ಕಲಿತ ಕಂಠ ತನ್ನ ಪಾಂಡಿತ್ಯವನ್ನು ಜೇಬಿನಲ್ಲಿಟ್ಟುಕೊಂಡು ಹಾಡಿದೆ. ‘ನಾತಿಚರಾಮಿ’ ಚಿತ್ರದ ‘ಮಾಯಾವಿ ಮನವೆ’ ಗೀತೆಗೆ 2018ರ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕಿಯ ರಾಷ್ಟ್ರಪ್ರಶಸ್ತಿಯೂ ಅವರಿಗೆ ಬಂತು. ಚಿತ್ರಗೀತೆಯಲ್ಲವೇ ಎಂದು ತಾಯಿಯವರು ಕೇಳಬಹುದು. ಹೌದು, ನಿಯಮಕ್ಕೆ ಇದೊಂದು ವಿನಾಯಿತಿ. 2007ರ ‘ದುನಿಯಾ’ ಚಿತ್ರದ ಹಾಡಿನಿಂದ ಬಹು ಜನಕ್ಕೆ ಪರಿಚಿತರಾದ ಎಂ.ಡಿ. ಪಲ್ಲವಿಯವರದು ಮೂಲತಃ ಸುಗಮ ಸಂಗೀತದ ಮನೆ. ಅವರು ಜರ್ಮನಿಯ ಹ್ಯಾಂಬರ್ಗಿನ ಆಂಡಿ ಒಟ್ಟೊ ಎಂಬ ಸಂಗೀತಗಾರನೊಡನೆ ಕೂಡಿ ಹಾಡಿದ್ದಾರೆ. ಆತ ಚೆಲೊ ಎಂಬ ದೊಡ್ಡ ಪಿಟೀಲಿನ ಕಮಾನಿಗೆ ವಿದ್ಯುತ್ ಉಪಕರಣ ಜೋಡಿಸಿ, ಕೈಯ ಚಲನೆಯಿಂದಲೇ ನಾದವನ್ನು ಬಾಗಿಸುತ್ತಾನೆ. ನಮ್ಮ ಕಿವಿಗೆ ಇದು ಇನ್ನೂ ಪೂರ್ತಿ ಒಗ್ಗಿಲ್ಲ. ಮಗನಿಗೆ ಒಗ್ಗುವುದೆಂದು ತೋರುತ್ತದೆ. ಆತನೇ ತಾಯಿಗೆ ವಿವರಿಸಲಿ.

ಆಲೋಕ್ ಬಾಬು ಎಂಬ ತರುಣರು ‘ಆಲ್ ಓಕೆ’ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ರ‍್ಯಾಪ್ ಹಾಡುತ್ತಾರೆ. ಮಾತನ್ನೇ ತಾಳಕ್ಕೆ ಕೂರಿಸಿ ಓಡಿಸುವ ಬಗೆ ಇದು. ಪ್ರಾಸದ ಹುಚ್ಚು ನೋಡಿದರೆ ನಮ್ಮ ಹಳೆಯ ಷಟ್ಪದಿಕಾರರೇ ನೆನಪಾಗುತ್ತಾರೆ. ಈ ಬಗೆಯವರೆಲ್ಲರ ಎಲ್ಲ ಹಾಡುಗಳೂ ಪೂಜೆಯ ಕೋಣೆಯ ಪಕ್ಕಕ್ಕೆ ತಕ್ಕವಲ್ಲ. ಆಯ್ದು ಕೇಳಬೇಕು ಎಂದಷ್ಟೇ ಹೇಳಿ ಮುಂದೆ ಸಾಗುತ್ತೇವೆ.

ಹೊಸಬರ ನಡುವೆ ಹಳೆಯ ಮೆಚ್ಚಿನವರಿಗೂ ಒಂದು ಸೋಮವಾರ ಬೇಕು. ಮಲ್ಲಿಕಾರ್ಜುನ ಮನಸೂರರ ವಚನ ಗಾಯನ ಬಹಳ ಮನೆಗಳಲ್ಲಿ ಧ್ವನಿಸುರುಳಿಯಾಗಿ ಇತ್ತು. ಸುರುಳಿ ಹರಿದುಹೋದ ಮೇಲೆ ಹಾಡೂ ಹೋಯಿತೆಂದು ಅನೇಕರು ತಿಳಿದಿದ್ದಾರೆ. ಹೋಗಿಲ್ಲ, ಫೋನಿನಲ್ಲಿಯೇ ಸಿಗುತ್ತದೆ. ಜಯಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳ ಭಂಡಾರವೇ ಆಗಿದ್ದ ಮನಸೂರರು ಅಕ್ಕನ ವಚನಕ್ಕೆ ಬಂದಾಗ ಶಬ್ದದ ಮುಂದೆ ರಾಗವನ್ನು ತಲೆಬಾಗಿಸುತ್ತಿದ್ದರು. ಅವರು ಲಿಂಗೈಕ್ಯರಾದದ್ದು 1992ರ ಸೆಪ್ಟೆಂಬರಿನಲ್ಲಿ, ಕುಮಾರ ಗಂಧರ್ವರು ಹೋದ ವರ್ಷವೇ. ಆ ವರ್ಷ ನಮ್ಮ ಸೀಮೆ ಬಡವಾಯಿತು. ನಮ್ಮ ನಡುವೆ ಇಂದು ಹಾಡುತ್ತಿರುವವರಲ್ಲಿ ಎಂ. ವೆಂಕಟೇಶಕುಮಾರರನ್ನು ಕೇಳಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಹನ್ನೆರಡು ವರ್ಷ ಇದ್ದು ಕಲಿತವರು, 2016ರ ಪದ್ಮಶ್ರೀ ಪುರಸ್ಕೃತರು. ಅವರ ತಾರಸ್ಥಾಯಿಯಲ್ಲಿ ಒಂದು ವಚನ ಏರಿ ನಿಂತಾಗ, ಕಿವಿಯಲ್ಲಿ ಇಯರ್‌ಫೋನು ಇಟ್ಟುಕೊಂಡವನೂ ಅದನ್ನು ತೆಗೆದು ‘ಯಾರಿವರು?’ ಎಂದು ಕೇಳುವುದನ್ನು ನಾವೇ ಕಂಡಿದ್ದೇವೆ.

ಇನ್ನು ಒಂದು ಲೌಕಿಕದ ಮಾತು. ಫೋನಿನಲ್ಲಿ ಒಂದು ಹಾಡನ್ನು ಒಮ್ಮೆ ಕೇಳಿದರೆ ಹಾಡಿದವರಿಗೆ ಸೇರುವುದು ಪೈಸೆಗಳ ಲೆಕ್ಕ. ಧ್ವನಿಸುರುಳಿ ಕೊಳ್ಳುವ ಕಾಲ ಮುಗಿಯಿತು. ಆದ್ದರಿಂದ ಈ ಸ್ವತಂತ್ರರ ಹೊಟ್ಟೆಪಾಡು ನಡೆಯುವುದು ಹೆಚ್ಚಾಗಿ ಕಾರ್ಯಕ್ರಮಗಳಿಂದಲೇ. ನಮ್ಮ ಜಾತ್ರೆಗಳ ಕಡೆ ನೋಡಿ: ನಾವು ಕಂಡ ಒಂದು ಜಾತ್ರೆಯಲ್ಲಿ ಚಲನಚಿತ್ರ ಗೀತೆಗಳ ಆರ್ಕೆಸ್ಟ್ರಾದವರಿಗೆ ಸಮಿತಿಯವರು ಮುಂಗಡವಾಗಿ ದೊಡ್ಡ ಮೊತ್ತವನ್ನೇ ಕೊಟ್ಟರು, ಅದೇ ರಾತ್ರಿ ಕಟ್ಟೆಯ ಮೇಲೆ ಬೆಳಗಿನವರೆಗೆ ತತ್ತ್ವಪದ ಹಾಡಿದ ಮೇಳಕ್ಕೆ ಶಾಲು, ಫಲತಾಂಬೂಲ, ಬಸ್ಸಿನ ಚಾರ್ಜು. ಅವರು ಅದನ್ನೂ ಪ್ರಸಾದವೆಂದೇ ಕಣ್ಣಿಗೊತ್ತಿಕೊಂಡರು. ಕಾಯಕಕ್ಕೆ ಕೂಲಿ ಕೊಡುವುದನ್ನು ಬೇರೆಯವರಿಂದ ಕಲಿಯಬೇಕಾದ ಜನ ನಾವಲ್ಲ. ಮುಂದಿನ ಜಾತ್ರೆಯ ಸಮಿತಿಯಲ್ಲಿ ಇರುವ ನಮ್ಮ ಓದುಗರು ಇದನ್ನು ಗಮನಿಸಬೇಕೆಂದು ಕೋರುತ್ತೇವೆ. ಒಂದು ರಾತ್ರಿಯನ್ನು ಇಂಥ ತರುಣ ತಂಡಕ್ಕೂ, ಊರಿನ ಪದದ ಮೇಳಕ್ಕೂ ಜೋಡಿಸಿ ಕೊಟ್ಟು ನೋಡಬಹುದು.

ಬೈಲಹೊಂಗಲದ ತಾಯಿಯವರಿಗೆ ಈಗ ಕೇಳುವ ಬಗೆ ಹೇಳಬೇಕು. ಸೋಮವಾರ ಸಂಜೆ ಪೂಜೆಯಾಗಿ ಪ್ರಸಾದಕ್ಕೆ ಕೂಡುವ ಮೊದಲು, ಒಂದೇ ಹಾಡು. ಇಯರ್‌ಫೋನಿನಲ್ಲಿ ಬೇಡ; ನೂರಾರು ರೂಪಾಯಿಗೆ ಸಿಗುವ ಸಣ್ಣ ಸ್ಪೀಕರಿಗೆ ಮಗನು ಫೋನನ್ನು ಜೋಡಿಸಬಲ್ಲ. ಎರಡು ಸಲ ಕೇಳಬೇಕು. ಮೊದಲ ಸಲ ಯಾರೂ ಏನೂ ಹೇಳಬಾರದು, ವಿಶೇಷವಾಗಿ ಯಜಮಾನರು. ಹಾಡಿನ ಆಯ್ಕೆ ಒಂದು ವಾರ ಮಗನದು, ಇನ್ನೊಂದು ವಾರ ತಾಯಿಯದು, ಮತ್ತೊಂದು ವಾರ ತಂದೆಯದು. ತಾಯಿಯವರು ಒಲೆಯ ಮುಂದೆ ಗುನುಗುವ ಪದಗಳನ್ನು ಮಗನು ಫೋನಿನಲ್ಲಿ ಮುದ್ರಿಸಿಕೊಳ್ಳಲಿ ಎಂಬುದು ನಮ್ಮ ವಿಶೇಷ ಸೂಚನೆ. ಅವರ ತಾಯಿಯಿಂದ ಬಂದ ಆ ಪದಗಳು ಯಾವ ಸಂಪುಟದಲ್ಲಿಯೂ ಇರಲಾರವು.

ಯಜಮಾನರಿಗೆ ಪ್ರತ್ಯೇಕವಾಗಿ ಒಂದು ಕಾಗದ ಬರೆದು, ಈ ಸಂಚಿಕೆಯೊಡನೆ ಅಂಚೆಗೆ ಹಾಕಿದ್ದೇವೆ. ಅದರಲ್ಲಿ ಉಗ್ರಾಣದ ಕಥೆಯನ್ನು ಇಲ್ಲಿಗಿಂತ ವಿವರವಾಗಿ ಬರೆದಿದ್ದೇವೆ. ಅರ್ಧವಾರ್ಷಿಕದ ಅಂಕಗಳ ವಿಷಯವನ್ನು ಮಗನೊಡನೆ ಅವರು ಮಾತನಾಡಲಿ, ಅದು ತಂದೆಯ ಹಕ್ಕು. ಗಿಟಾರಿಗೆ ಮಾತ್ರ ಕೈ ಹಾಕದಿರಲಿ ಎಂದು ಬೇಡಿಕೊಂಡಿದ್ದೇವೆ.

ಹೇಳಲು ಮರೆತೆವು. ಕಾರ್ತಿಕದ ಆ ಸಂಜೆ ಹೊರಡುವ ಮುನ್ನ ಪುಣೆಯ ಹುಡುಗಿ, ತಂದೆ ಬೇಡವೆಂದು ಕಣ್ಣು ಮಾಡುತ್ತಿದ್ದರೂ, ನಮ್ಮ ಪಡಸಾಲೆಯ ಮೂಲೆಯ ಪೇಟಿಯನ್ನು ತೋರಿಸಿ, ‘ಅಜ್ಜಾ, ಇದನ್ನ ಬಾರಿಸ್ಲೇನ್ರಿ?’ ಎಂದು ಕೇಳಿದಳು. ಬಾರಿಸಿದಳು. ಎರಡು ಸ್ವರ ಹಿಡಿಯುತ್ತಿರಲಿಲ್ಲ. ತಂದೆಯು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದವನು ಅಲ್ಲಿಯೇ ನಿಂತು, ಮಗಳ ಹಾಡಿನ ಎರಡನೆಯ ನುಡಿಗೆ ಸಣ್ಣ ದನಿಯಲ್ಲಿ ಕೂಡಿಕೊಂಡ. ನಾವು ಈ ಸಲ ಎದ್ದು ಹೋಗಲಿಲ್ಲ. ಹಿಡಿಯದ ಆ ಎರಡು ಸ್ವರಗಳನ್ನು ಧಾರವಾಡದಿಂದ ಕರೆಸಿದ ಕುಶಲಿಗ ಸರಿಪಡಿಸಿ ಹೋಗಿದ್ದಾನೆ. ಶ್ರಾವಣದ ಎರಡನೆಯ ವಾರ ಅವರು ಮತ್ತೆ ಬರುವವರಿದ್ದಾರೆ.

ಓದುಗರು ತಮ್ಮ ಮನೆಯ ಸೋಮವಾರದ ಹಾಡು ಯಾವುದೆಂದು ಬರೆದು ತಿಳಿಸಿದರೆ ಭಾದ್ರಪದದ ಸಂಚಿಕೆಯಲ್ಲಿ ಪ್ರಕಟಿಸುವೆವು.